ಭಾವ ಬಿಡಿಸಿದ ಕತ್ತಿ

ನಿನ್ನೆ ರಾತ್ರಿ ಟೀವಿಯಲ್ಲಿ ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಕಥೆ. ಕತ್ತಿ ಕಾಣಿಸಿದ್ದೇ ತಡ, ನಮ್ಮ ಭಾವ ಚಿತ್ರ ನಿಲ್ಲಿಸಿದರು. ಶುರುವಾಯ್ತು ಅಂದುಕೊಂಡೆ. ಯಾವ ಹೆಸರನ್ನೂ ಅವರು ಇಡಿಯಾಗಿ ಇರಗೊಡುವುದಿಲ್ಲ, ಬಿಡಿಸಲೇಬೇಕು.

"ಎಕ್ಸ್ ಅಂದ್ರೆ ಹೊರಗೆ. ಕ್ಯಾಲಿ ಅಂದ್ರೆ ಕಲ್ಲು. ಲಿಬರ್ ಅಂದ್ರೆ ಬಿಡುಗಡೆ. ಕಲ್ಲಿಂದ ಬಿಡಿಸಿಕೊಂಡು ಬಂದದ್ದು ಎಕ್ಸ್‌ಕ್ಯಾಲಿಬರ್! ಶುದ್ಧ ಲ್ಯಾಟಿನ್ ಕಣಯ್ಯಾ."

'ಬಿಡುಗಡೆ' ಅನ್ನುವಾಗ ರಿಮೋಟನ್ನು ಕತ್ತಿಯಂತೆ ಮೇಲಕ್ಕೆಳೆಯುವುದು ಅವರ ಪದ್ಧತಿ. ನಿನ್ನೆ ಜೋರಾಗಿಯೇ ಎಳೆದರು. ಹಿಂದಿನ ಮುಚ್ಚಳ ಹಾರಿತು. ಸೆಲ್ಲುಗಳು ಸೋಫಾದಡಿ ಉರುಳಿದವು. ಮನೆಯವರೆಲ್ಲ ಮಂಡಿಯೂರಿ ಹುಡುಕಿದೆವು. ಭಾವ ಮಾತ್ರ ನಿಂತೇ ಇದ್ದರು, ಕೈ ಮೇಲೆ, ಪಾಠ ಮುಂದೆ.

ಸೋಫಾದಡಿಯಿಂದಲೇ ಕೂಗಿದೆ: "ಭಾವ, 12ನೇ ಶತಮಾನದಲ್ಲಿ ಮಾನ್ಮತ್‌ನ ಜೆಫ್ರಿ ಅನ್ನೋ ಲೇಖಕ ಆರ್ಥರನ ಕಥೆಯನ್ನ ಲ್ಯಾಟಿನ್‌ನಲ್ಲೇ ಬರೆದದ್ದು. ಅವನು ಇದನ್ನು ಕ್ಯಾಲಿಬರ್ನಸ್ ಅಂದ. ಲ್ಯಾಟಿನ್‌ನಲ್ಲೇ ಇಲ್ಲದ ಎಕ್ಸ್ ನಿಮಗೆಲ್ಲಿ ಸಿಕ್ತು?"

"ಮರೆತಿರಬೇಕು ಪಾಪ," ಅಂದರು.

ನನಗೆ ಉರಿದುಹೋಯಿತು. ವೇಲ್ಸ್‌ನ ಹಳೆಯ ಕಥೆಯಲ್ಲಿ ಈ ಕತ್ತಿ ಕಲೆಡ್‌ವುಲ್ಖ್. 'ಕಲೆಡ್' ಅಂದ್ರೆ ಗಟ್ಟಿ, 'ಬುಲ್ಖ್' ಅಂದ್ರೆ ಬಿರುಕು, ಸಂದು. ಐರ್ಲೆಂಡಿನ ವೀರ ಫರ್ಗಸ್‌ನ ಕತ್ತಿ ಕಲಡ್‌ಬೋಲ್ಗ್ ಇದರ ನೆಂಟ. ವೆಲ್ಷ್ ಹೆಸರು ಜೆಫ್ರಿಯ ಕೈಗೆ ಬಂದಾಗ ಉಕ್ಕು ಅನ್ನುವ ಲ್ಯಾಟಿನ್ ಪದ 'ಕಾಲಿಬ್ಸ್' ನೆನಪಾಗಿ ಆ ಕಡೆ ವಾಲಿರಬೇಕು ಅಂತ ವಿದ್ವಾಂಸರ ಅಂದಾಜು. ಆಮೇಲೆ ಫ್ರೆಂಚರು ಮುಂದೆ ಒಂದು 'ಎಸ್' ಅಂಟಿಸಿದರು. ಫ್ರೆಂಚ್ ಕವಿ ಕ್ರೆಟಿಯಾನ ಕಾವ್ಯದಲ್ಲಿ ಅದು ಎಸ್ಕಾಲಿಬೋರ್, ಅದೂ ಆರ್ಥರನ ಕೈಯಲ್ಲಲ್ಲ, ಅವನ ಸೋದರಳಿಯ ಗವೇನನ ಸೊಂಟದಲ್ಲಿ! 1485ರಲ್ಲಿ ಅಚ್ಚಾದ, ಇಂಗ್ಲಿಷ್ ಲೇಖಕ ಮ್ಯಾಲೊರಿಯ ಪುಸ್ತಕ ಹೆಸರಿಗೆ 'ಉಕ್ಕು ಕತ್ತರಿಸುವುದು' ಅಂತ ಅರ್ಥ ಹೇಳುತ್ತದೆ. ಆ ಅರ್ಥದಲ್ಲೂ ಕಲ್ಲಿಲ್ಲ. ಅಷ್ಟೇಕೆ, ಆ ಕಥೆಯಲ್ಲಿ ಎಕ್ಸ್‌ಕ್ಯಾಲಿಬರನ್ನು ಆರ್ಥರನಿಗೆ ಕೊಡುವುದೇ ಸರೋವರದ ಹೆಣ್ಣು.

ಬಾಯಿಂದ ಬಾಯಿಗೆ ಕಥೆ ದಾಟಿಸಿದವರ ಆ ಗಂಟಲ 'ಖ್' ಮಾತ್ರ ದಾರಿಯಲ್ಲೇ ಉದುರಿಹೋಯಿತು. ಧೂಳಲ್ಲಿ ಸೆಲ್ ತಡಕುತ್ತಾ ಯಾಕೋ ಅದಕ್ಕೇ ಬೇಜಾರಾಯಿತು.

ಭಾವ ಎಲ್ಲ ಕೇಳಿಸಿಕೊಂಡರು. "ಇರಬಹುದು ಬಿಡು," ಅಂದರು. ಗೆದ್ದೆ ಅಂದುಕೊಂಡೆ. ಸೆಲ್ ಹಾಕಿದೆವು, ಚಿತ್ರ ಮುಂದೆ ಹೋಯಿತು, ಆರ್ಥರನ ಅರಮನೆ ಬಂತು. ರಿಮೋಟ್ ಮತ್ತೆ ಮೇಲೆದ್ದಿತು.

"ಕ್ಯಾಮೆಲಾಟ್! ನೋಡು, ಕ್ಯಾಮೆಲ್ ಅಂದ್ರೆ ಒಂಟೆ, ಲಾಟ್ ಅಂದ್ರೆ ಜಾಸ್ತಿ..."