ಶಾಲೆ ಬಿಡಿಸುವ ಮುಂಚೆ ಸಿಇಟಿ ನಿಯಮ ಓದಿ

ನಮ್ಮ ದಾವಣಗೆರೆಯಲ್ಲೂ ಮಕ್ಕಳನ್ನು ಮನೆಯಲ್ಲೇ ಓದಿಸೋಣ ಅನ್ನುವ ಅಪ್ಪ-ಅಮ್ಮಂದಿರು ಅಲ್ಲಲ್ಲಿ ಸಿಗುತ್ತಾರೆ. ಅವರು ಕೇಳುವುದೆಲ್ಲ ಪಾಠದ ವಿಷಯ: ಫಿಸಿಕ್ಸ್ ಹೇಳಿಕೊಡೋದು ಯಾರು, ಕೋಚಿಂಗ್ ಬೇಕಾ ಬೇಡ್ವಾ. ಪಾಠ ಹೇಗೋ ಆಗುತ್ತೆ ಕಣ್ರೀ. ಎಡವೋದು ಕಾಗದಪತ್ರದಲ್ಲಿ, ಅದೂ ಮಗು ಮೂರನೇ ಕ್ಲಾಸಿನಲ್ಲಿದ್ದಾಗ ಮಾಡಿದ ತೀರ್ಮಾನಕ್ಕೆ.

ಸಿಇಟಿ ಅಂದರೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ. ಸರ್ಕಾರಿ ಕೋಟಾದ ಸೀಟಿಗೆ ಇಲ್ಲಿನ ಹೆಚ್ಚಿನ ಮಕ್ಕಳು ಅರ್ಹರಾಗುವುದು ಒಂದೇ ದಾರಿಯಲ್ಲಿ. 1ನೇ ತರಗತಿಯಿಂದ 2ನೇ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ-ಕಾಲೇಜಿನಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಇಲ್ಲವೇ 12ನೇ ತರಗತಿ ರಾಜ್ಯದಲ್ಲೇ ಪಾಸಾಗಿರಬೇಕು. ನಮ್ಮೂರಿನ ಯುಬಿಡಿಟಿ ಕಾಲೇಜಿನ ಎಂಜಿನಿಯರಿಂಗ್ ಸೀಟಿಗೂ ಇದೇ, ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆ ಬರೆದು ಇಲ್ಲಿನ ಜೆಜೆಎಂ ಮೆಡಿಕಲ್ ಕಾಲೇಜಿನಲ್ಲೋ ಚಿತ್ರದುರ್ಗದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೋ ರಾಜ್ಯ ಕೋಟಾ ಕೇಳಿದರೂ ಇದೇ. ಮನೆಯಲ್ಲಿ ಓದಿದ ವರ್ಷಕ್ಕೆ ವ್ಯಾಸಂಗ ಪ್ರಮಾಣಪತ್ರ ಯಾರೂ ಕೊಡುವುದಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೀಳುವುದು ಶಾಲೆಯ ದಾಖಲೆಯ ಮೇಲೆ.

ಹಾಗಾಗಿ 7ನೇ ತರಗತಿ ಮುಗಿಯುವ ತನಕ ಶಾಲೆ ಬಿಡಿಸಬೇಡಿ. 8 ಮುಗಿಸಿದರೆ ಇನ್ನೂ ವಾಸಿ, ಒಂದು ವರ್ಷದ ದಾಖಲೆ ಕೈಕೊಟ್ಟರೂ ಏಳು ಉಳಿಯುತ್ತವೆ. ಜಗಳೂರು, ಚನ್ನಗಿರಿ ಕಡೆಯ ಹಳ್ಳಿಯವರು ಇನ್ನೊಂದು ಸಲ ಯೋಚಿಸಬೇಕು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ 1ರಿಂದ 10ರವರೆಗೆ ಪೂರ್ತಿ ಹತ್ತು ವರ್ಷ ಬೇಕು. 8ಕ್ಕೇ ಬಿಡಿಸಿದರೆ ಎರಡೂ ಹೋಯಿತು. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಿರುವ ಮಗುವನ್ನು ಹತ್ತಕ್ಕೆ ಮುಂಚೆ ಬಿಡಿಸುವುದು ನನ್ನ ಪ್ರಕಾರ ಶುದ್ಧ ನಷ್ಟದ ವ್ಯವಹಾರ.

ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಪಿಯುಸಿಯಲ್ಲಿ ಆ ದಾರಿ ಇರುವುದು ಕಲೆ, ವಾಣಿಜ್ಯಕ್ಕೆ ಮಾತ್ರ. ಪ್ರಾಕ್ಟಿಕಲ್ ಇರುವ ವಿಜ್ಞಾನಕ್ಕಿಲ್ಲ. ಅದಕ್ಕೇ ಎಲ್ಲರೂ ಕೊನೆಗೆ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್ಐಒಎಸ್ ಕಡೆ ಹೊರಳುತ್ತಾರೆ. ಅಲ್ಲಿ ವರ್ಷಕ್ಕೆರಡು ಪರೀಕ್ಷೆ: ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ಏಪ್ರಿಲ್‌ಗೇ ಐದೂ ವಿಷಯ ಇಟ್ಟುಕೊಂಡರೆ ಬೋರ್ಡು, ಸಿಇಟಿ, ಮೇ ಮೊದಲ ವಾರದ ನೀಟ್ ಮೂರೂ ಒಟ್ಟಿಗೆ ತಲೆಮೇಲೆ ಬೀಳುತ್ತವೆ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿಯ ಅರ್ಧದ ಜೊತೆ 12ರ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕದ ಅರ್ಧ ಸೇರುತ್ತದಲ್ಲ, ಫಲಿತಾಂಶ ತಡವಾದರೆ ಅದಕ್ಕೂ ಕಾಯಬೇಕು.

ಹತ್ತು ಪಾಸಾಗಿ ಎರಡು ವರ್ಷ ತುಂಬದೆ ಎನ್ಐಒಎಸ್ 12ರ ಐದೂ ವಿಷಯ ಮುಗಿಸಲು ಬಿಡುವುದಿಲ್ಲ, ಆದರೆ ವರ್ಷ ಕಳೆದ ಮೇಲೆ ನಾಲ್ಕರವರೆಗೆ ಬರೆಯಬಹುದು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಈ ನಾಲ್ಕನ್ನು ಅಕ್ಟೋಬರ್‌ನಲ್ಲಿ ಬರೆದು ಮುಗಿಸಿಬಿಡಿ. ಏಪ್ರಿಲ್‌ಗೆ ಇಂಗ್ಲಿಷ್ ಒಂದೇ ಉಳಿಯಲಿ. ನೀಟ್‌ಗೆ ಇಂಗ್ಲಿಷ್ ಪಾಸಾಗಿರಲೇಬೇಕು, ಮರೆತು ಬೇರೆ ಭಾಷೆ ಮಾತ್ರ ತಗೊಂಡವರು ಕೈಕೈ ಹಿಸುಕಿಕೊಳ್ಳುತ್ತಾರೆ. ಟಿಎಂಎ ಅಂದರೆ ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್. ಥಿಯರಿಯ 20% ಅಂಕ ಅದಕ್ಕೇ. ಕೊನೇ ದಿನ ದಾಟಿದರೆ ಆ ಅಂಕ ಖೋತಾ. ಎಂಟ್ರೆನ್ಸಿಗೆ ಮಾತ್ರ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಓದಿಸಿ, ಎನ್ಐಒಎಸ್ ಪುಸ್ತಕದ ಕ್ರಮ ಬೇರೆ.

ಇನ್ನು ಅಕ್ಕ-ತಮ್ಮ ಜೊತೆಗೆ ಓದುವ ವಿಚಾರ. ಎರಡು ಮೂರು ವರ್ಷ ಅಂತರವಿದ್ದರೆ ಚಿಕ್ಕವನೂ ಜೊತೆಗೇ ಬರೆದುಬಿಡಲಿ ಅನ್ನುವ ಆಸೆ ಹುಟ್ಟುತ್ತದೆ. ಎನ್ಐಒಎಸ್‌ನಲ್ಲಿ ಹತ್ತಕ್ಕೆ 14 ವರ್ಷ ತುಂಬಿರಬೇಕು, ನೀಟ್‌ಗೆ ಆ ವರ್ಷದ ಡಿಸೆಂಬರ್ 31ಕ್ಕೆ 17. ಹುಡುಗ ಎಷ್ಟೇ ಚುರುಕಿದ್ದರೂ ವಯಸ್ಸು ಓಡುವುದಿಲ್ಲವಲ್ಲ. ಅದಕ್ಕಿಂತ ದೊಡ್ಡ ತೊಂದರೆ, ದೊಡ್ಡವಳು ಮನೆಯ ಸಂಬಳವಿಲ್ಲದ ಮೇಷ್ಟ್ರಾಗಿಬಿಡುವುದು. ತಮ್ಮನಿಗೆ ಹೇಳಿಕೊಟ್ಟರೆ ಅವಳಿಗೂ ಗಟ್ಟಿಯಾಗುತ್ತದೆ, ನಿಜ. ಆದರೆ ದಿನಕ್ಕೆ ಅರ್ಧ ಗಂಟೆ ಸಾಕು, ಅದೂ ಅವಳು ಆ ವಾರ ಓದಿದ ಪಾಠಕ್ಕೆ ತಳಪಾಯವಾಗುವ ವಿಷಯವೇ ಇರಲಿ. ಅವಳು ಮೋಲ್ ಲೆಕ್ಕ ಮಾಡುತ್ತಿದ್ದರೆ ಅವನಿಗೆ ರಾಸಾಯನಿಕ ಸಮೀಕರಣ ಸರಿದೂಗಿಸುವುದು. ಕೊನೆಯ ಆರು ತಿಂಗಳು ಅದನ್ನೂ ನಿಲ್ಲಿಸಿ.

ಮಾಕ್ ಟೆಸ್ಟ್, ಅಂದರೆ ಅಭ್ಯಾಸ ಪರೀಕ್ಷೆಯ ವಿಷಯದಲ್ಲಿ ಕರುಣೆ ಬೇಡ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ, ನಾಲ್ಕು ತಪ್ಪು ಸೇರಿ ಒಂದು ಸರಿಯುತ್ತರವನ್ನು ನುಂಗುತ್ತವೆ. ಎರಡರ ಮಾಕ್ ಅನ್ನೂ ಒಂದೇ ದಿನ ಕೊಟ್ಟರೆ ಕೈ ಗೊಂದಲಕ್ಕೆ ಬೀಳುತ್ತದೆ: ಸಿಇಟಿಯಲ್ಲಿ ಬಿಟ್ಟು ಬರುತ್ತಾರೆ, ನೀಟ್‌ನಲ್ಲಿ ಊಹಿಸಿ ಬರುತ್ತಾರೆ. ವಾರ ಬಿಟ್ಟು ವಾರ ಇಡಿ. ಗುಂಡಿ ತುಂಬಿ ಉತ್ತರ ಗುರುತಿಸುವ ಓಎಂಆರ್ ಹಾಳೆ ಜೆರಾಕ್ಸ್ ಮಾಡಿಸಿ, ಬಾಲ್ ಪೆನ್ನಿನಲ್ಲೇ ತುಂಬಿಸಿ. ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿ ಅಭ್ಯಾಸವಾದವರಿಗೆ ಪರೀಕ್ಷಾ ಕೊಠಡಿಯಲ್ಲಿ ಹತ್ತು ನಿಮಿಷ ಬರೀ ಗುಂಡಿ ತುಂಬಲು ಹೋಗುತ್ತದೆ.

ಹೊತ್ತೂ ಮುಖ್ಯ. ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5. ಮನೆಯಲ್ಲಿ ಓದುವ ಮಕ್ಕಳು ಮುದ್ದೆ ಉಂಡು ಒರಗುವ ಹೊತ್ತು ಅದು. ಫೆಬ್ರವರಿಯಿಂದಲೇ ಆ ಮೂರು ಗಂಟೆಯ ನಿದ್ದೆ ಬಿಡಿಸಿ, ಊಟ 12ಕ್ಕೆ ಮುಗಿಸಿ. ಮಾಕ್ ಆ ಹೊತ್ತಿಗೇ ಇಡಿ, ಫ್ಯಾನ್ ನಿಂತರೂ ಏಳಗೊಡಬೇಡಿ. ನಮ್ಮೂರಿನ ಮೇ ತಿಂಗಳ ಬಿಸಿಲಲ್ಲಿ ಪರೀಕ್ಷಾ ಕೊಠಡಿ ಇದಕ್ಕಿಂತ ತಣ್ಣಗೇನೂ ಇರುವುದಿಲ್ಲ.