ಒಳಲೆಯಷ್ಟು ನೀರು

ಕೂಸಿಗೆ ಹಾಲು ಕುಡಿಸಲು ಯಾರೂ ತಂಬಿಗೆ ಎತ್ತಿಕೊಳ್ಳುವುದಿಲ್ಲ. ಅದಕ್ಕೆಂದೇ ಒಳಲೆ ಇದೆ. ಅಂಗೈಯೊಳಗೆ ಅಡಗುವ ಚಿಕ್ಕ ಪಾತ್ರೆ, ಒಂದು ಬದಿಗೆ ಕಿರಿದಾದ ಮೂತಿ, ಗುಟುಕಿಗೆ ಎಷ್ಟು ಬೇಕೋ ಅಷ್ಟೇ ಬೀಳಬೇಕು. ಎಲೆಯಿಂದ ಹುಟ್ಟಿದ ಸಸಿಯ ಮುಂದೆ ನಿಂತಾಗ ಮಾತ್ರ ಈ ಜಾಣತನ ಎಲ್ಲಿ ಹೋಗುತ್ತದೋ, ಕೈಗೆ ತಂಬಿಗೆಯೇ ಬರುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಈ ಚಾಳಿ ತುಸು ಹೆಚ್ಚೇ. ಬೇಸಿಗೆಯಲ್ಲಿ ಬಿರಿದು ಬಾಯ್ತೆರೆದ ಎರೆಹೊಲ ನೋಡುತ್ತ ಬೆಳೆದ ಕಣ್ಣಿಗೆ ಹಸಿರೆಂದರೆ ನೀರಡಿಸಿದ ಜೀವವೇ. ಕಿಟಕಿಯ ಕಟ್ಟೆಯ ಮೇಲೆ ಎರಡೆಲೆಯ ಸಸಿ ಕಂಡರೆ ಮನೆಗೆ ಬಂದವರೂ ಸುಮ್ಮನಿರರು: "ಪಾಪ, ಬಾಡೈತಿ ನೋಡ್ರಿ, ಒಂದು ತಂಬಗಿ ನೀರರ ಹಾಕ್ರಿ." ಆ ಸಸಿ ಕೂತ ಕಪ್ಪು ಹಿಡಿಯುವುದೇ ನೂರು ಮಿಲಿಲೀಟರ್.

ಎಲೆಯಿಂದ ಗಿಡ ಏಳುತ್ತದೆಂದು ನಮಗೆಲ್ಲ ಮೊದಲು ತೋರಿಸಿಕೊಟ್ಟದ್ದು ಶಾಲೆಯ ವಿಜ್ಞಾನ ಪುಸ್ತಕದ ಕಾಡುಬಸಳೆ. ಅದರ ಎಲೆಯಂಚಿನ ಕಚ್ಚುಗಳಲ್ಲಿ ಮರಿಗಳು ಸಾಲಾಗಿ ಕೂತಿರುತ್ತವೆ, ನೆಲಕ್ಕೆ ಬಿಸಾಕಿದರೂ ಹುಟ್ಟುತ್ತವೆ. ಎಲ್ಲ ಎಲೆಗೂ ಆ ಭಾಗ್ಯವಿಲ್ಲ. ಆಫ್ರಿಕನ್ ವಯೊಲೆಟ್, ರೆಕ್ಸ್ ಬಿಗೋನಿಯ, ಪೆಪರೋಮಿಯ, ಸ್ನೇಕ್ ಪ್ಲಾಂಟ್, ಜೀಜೀ, ಎಚೆವೇರಿಯ ಇಂಥವು ಬರೀ ಎಲೆಯಿಂದ ಹೊಸ ಕುಡಿ ಕೊಡುತ್ತವೆ. ಮನಿಪ್ಲಾಂಟಿನ ಎಲೆಯನ್ನು ಗಿಣ್ಣು ಬಿಟ್ಟು ಕಿತ್ತು ನೀರಿನಲ್ಲಿಟ್ಟರೆ ಬೇರು ಬರುತ್ತದೆ, ಎಷ್ಟೋ ತಿಂಗಳು ಹಸಿರಾಗಿಯೂ ಇರುತ್ತದೆ, ಕುಡಿ ಮಾತ್ರ ಬರದು. ಹೃದಯದಾಕಾರದ ಹೋಯ ಎಲೆಯೊಂದನ್ನೇ ಕುಂಡದಲ್ಲಿ ಸಿಕ್ಕಿಸಿ ಮಾರುತ್ತಾರಲ್ಲ, ಅದರ ಹಣೆಬರಹವೂ ಬಹುಮಟ್ಟಿಗೆ ಇಷ್ಟೇ. ಕೊಳ್ಳುವವರು ಅದು ಬಳ್ಳಿಯಾದೀತೆಂದು ಕಾಯುತ್ತಾರೆ.

ಕೊಯ್ಯುವ ಕೆಲಸ ಐದು ನಿಮಿಷದ್ದು. ಆಫ್ರಿಕನ್ ವಯೊಲೆಟ್‌ನಲ್ಲಿ ತೀರ ಹೊರಸುತ್ತಿನ ಮುದಿ ಎಲೆಯೂ ಬೇಡ, ನಡುವಿನ ಎಳೆಯದೂ ಬೇಡ, ಮಧ್ಯದ ಸುತ್ತಿನದು ಬೇಕು. ತೊಟ್ಟನ್ನು ಮೂರು ಸೆಂಟಿಮೀಟರ್ ಉಳಿಸಿ ಹೊಸ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಒಂದು ಸೆಂಟಿಮೀಟರ್‌ನಷ್ಟೇ ಆಳಕ್ಕೆ ವಾಲಿಸಿ ನೆಡಬೇಕು. ಆಳಕ್ಕೆ ಹೂತರೆ ಮರಿ ಮೇಲೆ ಬರಲು ತಡ, ನಡುದಾರಿಯಲ್ಲೇ ಕೊಳೆಯುವುದೂ ಉಂಟು. ಸ್ನೇಕ್ ಪ್ಲಾಂಟಿನ ಎಲೆಯನ್ನು ಎಂಟು ಹತ್ತು ಸೆಂಟಿಮೀಟರ್ ತುಂಡು ಮಾಡಿದರೆ ಯಾವುದು ಬುಡ, ಯಾವುದು ತುದಿ ಎಂದು ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡದು. ಇನ್ನೊಂದು ಮಾತು: ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯಿಂದ ಹುಟ್ಟುವ ಮರಿಗೆ ಆ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ತಾಯಿಯ ಸೀರೆಯ ಜರಿ ಮಗಳಿಗೆ ಬೇಕೆಂದರೆ ಬುಡ ಒಡೆದೇ ನೆಡಬೇಕು. ಸ್ನೇಕ್ ಪ್ಲಾಂಟಿನ ತುಂಡನ್ನೂ ಎಚೆವೇರಿಯದ ಎಲೆಯನ್ನೂ ಕೊಯ್ದ ಮೇಲೆ ಎರಡು ಮೂರು ದಿನ ನೆರಳಲ್ಲಿ ಒಣಗಲು ಬಿಡಿ. ಹಸಿಗಾಯ ಮಣ್ಣಿಗಿಳಿದರೆ ಕೊಳೆ ಅಲ್ಲಿಂದಲೇ ಶುರು.

ಆಮೇಲಿನದು ಕಾಯುವ ಕೆಲಸ, ಎಡವುವುದು ಇಲ್ಲಿಯೇ. ವಯೊಲೆಟ್ ಎಲೆಗೆ ಬೇರು ಬರಲು ಮೂರು ನಾಲ್ಕು ವಾರ, ಮರಿ ಮಣ್ಣಿನಿಂದ ಇಣುಕಲು ಎರಡು ಮೂರು ತಿಂಗಳು. ಜೀಜೀ ಎಲೆಯಂತೂ ಮೊದಲು ಮಣ್ಣೊಳಗೆ ಕಡಲೆಕಾಳಿನಂಥ ಗಡ್ಡೆ ಕಟ್ಟಿಕೊಂಡು, ಆರೆಂಟು ತಿಂಗಳು ಮೇಲೆ ಏನೂ ತೋರಿಸದೆ ಕೂತಿರುತ್ತದೆ. ನೋಡುವವರಿಗೆ ಏನೂ ನಡೆಯುತ್ತಿಲ್ಲವೆಂದೇ ಅನಿಸುವ ಈ ಅವಧಿಯಲ್ಲಿ ಮಾಡಲು ಉಳಿದ ಕೆಲಸವೆಂದರೆ ನೀರು ಹಾಕುವುದೊಂದೇ. ಹೀಗಾಗಿ ಹಾಕುತ್ತಲೇ ಇರುತ್ತೇವೆ.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಾಲುವೆಯ ಕೆಳಗಿನ ರೈತರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಸವಳು-ಜವಳು ಎಂದರೆ ಸಾಕು. ಕಬ್ಬಿಗೆ ಬೇಕಾದ್ದಕ್ಕಿಂತ ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದೆ ಬೇರಿನ ಮಟ್ಟಕ್ಕೇ ನಿಂತರೆ ಜವಳು. ಆ ನೀರು ಮೇಲೇರಿ ಬಿಸಿಲಿಗೆ ಆರಿ ಉಪ್ಪನ್ನು ಬಿಟ್ಟುಹೋದರೆ ಸವಳು. ಎಕರೆಗಟ್ಟಲೆ ಹೊಲವನ್ನು ಕೆಡಿಸುವ ಈ ಜೋಡಿ ರೋಗ ಎರಡಿಂಚಿನ ಕಪ್ಪಿನಲ್ಲೂ ಯಥಾವತ್ತಾಗಿ ಬರುತ್ತದೆ. ಹೊಲ ಹಾಳಾಗಲು ವರ್ಷಗಳು ಬೇಕು, ಕಪ್ಪಿಗೆ ಕೆಲವೇ ವಾರ ಸಾಕು.

ಮೊದಲು ಜವಳು. ಅದು ನೀರಿಗಿಂತ ಮುಂಚೆ ಮಣ್ಣಿನಲ್ಲಿದೆ. ಎರೆ ಮಣ್ಣು ಜೋಳಕ್ಕೆ ಬಂಗಾರ, ಸಸಿಯ ಕಪ್ಪಿಗೆ ಯಮ. ಒದ್ದೆಯಾದರೆ ಉಬ್ಬಿ ಗಾಳಿಯ ಸಂದುಗಳನ್ನೆಲ್ಲ ಮುಚ್ಚುತ್ತದೆ, ಒಣಗಿದರೆ ಕುಗ್ಗಿ ಕಪ್ಪಿನ ಗೋಡೆ ಬಿಟ್ಟು ನಿಲ್ಲುತ್ತದೆ. ಆಗ ಹಾಕಿದ ನೀರು ಆ ಬಿರುಕಿನಿಂದ ಜಾರಿ ತಳದ ತೂತಿನಲ್ಲಿ ಹೊರಬೀಳುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಬೆಳಗಾವಿಯ ಕೆಂಪು ಮಣ್ಣು ಇದಕ್ಕಿಂತ ವಾಸಿಯಾದರೂ ಎಳೆ ಬೇರಿಗೆ ಅದೂ ಭಾರ. ಬೇಕಾದದ್ದು ಮಣ್ಣೇ ಅಲ್ಲ ಎನ್ನಬಹುದು: ತೊಳೆದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಒಂದು ಪಾಲು; ಪರ್ಲೈಟ್ ಎಂಬ ಹಗುರಾದ ಬಿಳಿ ಹರಳು ಒಂದು ಪಾಲು. ಪರ್ಲೈಟ್ ಸಿಗದ ಊರಲ್ಲಿ ಜೋಳದ ಕಾಳಿನ ಗಾತ್ರಕ್ಕೆ ಕುಟ್ಟಿ ಜರಡಿ ಹಿಡಿದ ಇಟ್ಟಿಗೆ ಚೂರೋ ಇದ್ದಿಲ ಚೂರೋ ಆದೀತು. ಖಾನಾಪುರದ ಕಡೆ ಭತ್ತದ ಹೊಟ್ಟು ಸಿಗುತ್ತದೆ, ಅದನ್ನು ಬೂದಿಯಾಗಲು ಬಿಡದೆ ಕರಿಯಾಗುವಷ್ಟೇ ಸುಟ್ಟು ತೊಳೆದರೆ ಇನ್ನೂ ಚಲೋ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ, ಅದರ ಹಿಟ್ಟಿನಂಥ ಪುಡಿ ಸಂದುಗಳನ್ನು ಸಿಮೆಂಟಿನ ಹಾಗೆ ಮುಚ್ಚುತ್ತದೆ. ಕೋಕೋಪೀಟ್ ತೊಳೆಯಿರಿ ಎಂದದ್ದೂ ಸುಮ್ಮನೆ ಅಲ್ಲ, ಕಡಲ ಕರಾವಳಿಯ ತೆಂಗಿನ ನಾರಿನಲ್ಲಿ ಉಪ್ಪು ಕೂತಿರುತ್ತದೆ. ಮೂರು ಸಲ ನೆನೆಸಿ ಹಿಂಡಬೇಕು.

ಕುಂಡದ ತಳಕ್ಕೆ ಹಂಚಿನ ಚೂರು, ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಊರೂರಿಗೂ ಇದೆ. ಪಾತ್ರೆ ತೊಳೆಯುವ ಸ್ಪಂಜಿನಿಂದ ಇದನ್ನು ಪರೀಕ್ಷಿಸಬಹುದು. ಸ್ಪಂಜನ್ನು ಪೂರ್ತಿ ನೆನೆಸಿ ಅಡ್ಡಲಾಗಿ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ, ಈಗ ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸೋರುತ್ತದೆ. ಅಂದರೆ ಯಾವ ಕುಂಡದಲ್ಲೂ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಸಿಕ್ಕಿಕೊಂಡೇ ಇರುತ್ತದೆ. ಆ ಎತ್ತರವನ್ನು ಮಣ್ಣಿನ ಕಣದ ಗಾತ್ರ ತೀರ್ಮಾನಿಸುತ್ತದೆ, ಕುಂಡದ ಎತ್ತರವಲ್ಲ. ಹೀಗಾಗಿ ಗಿಡ್ಡ ಕಪ್ಪಿನಲ್ಲಿ ಅರ್ಧಕ್ಕರ್ಧ ಮಣ್ಣು ಜವಳಾಗಬಹುದು. ಕೆಳಗೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲೆ ಕೂತು ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಜಲ್ಲಿ ಬಿಡಿ, ಕಾದ ದಬ್ಬಣದಿಂದ ತಳಕ್ಕೆ ನಾಲ್ಕು, ಪಕ್ಕದ ಬುಡಕ್ಕೆ ಎರಡು ತೂತು ಮಾಡಿ. ಅದೇ ಈ ಹೊಲದ ಬಸಿಗಾಲುವೆ.

ಇನ್ನು ಅಳತೆ. ನೂರು ಮಿಲಿಲೀಟರ್ ಕಪ್ಪಿಗೆ ಒಮ್ಮೆಗೆ ಮೂರು ಚಹಾ ಚಮಚ, ಅಂದರೆ ಹದಿನೈದು ಮಿಲಿಲೀಟರ್. ಮುಂದಿನ ಸಲ ಯಾವಾಗ ಎಂಬುದಕ್ಕೆ ವಾರದ ಲೆಕ್ಕ ಬೇಡ. ನೀರು ಹಾಕಿದ ಕೂಡಲೇ ಕಪ್ಪನ್ನೊಮ್ಮೆ ಎತ್ತಿ ತೂಕ ಕೈಗೆ ರೂಢಿ ಮಾಡಿಕೊಳ್ಳಿ. ಹಗುರಾದಾಗ ಮತ್ತೆ ಹಾಕಿ. ವಿಜಯಪುರದ ಏಪ್ರಿಲ್‌ನಲ್ಲಿ ಅದು ಮೂರನೆಯ ದಿನವಾದೀತು, ಬೆಳಗಾವಿಯ ಜುಲೈನಲ್ಲಿ ಹತ್ತನೆಯ ದಿನ. ಒಳಲೆ ಅಟ್ಟದ ಮೇಲಿದ್ದರೆ ಇಳಿಸಿ, ಇದಕ್ಕಿಂತ ಒಳ್ಳೆಯ ಸಾಧನ ಅಂಗಡಿಯಲ್ಲಿಲ್ಲ. ಅದರ ಮೂತಿ ಎಲೆಯಡಿಗೆ ತೂರುತ್ತದೆ, ವಯೊಲೆಟ್‌ನ ನಡುಸುಳಿಗೆ ನೀರು ತಾಗುವುದಿಲ್ಲ. ಸುಳಿಯಲ್ಲಿ ನೀರು ನಿಂತರೆ ಕೊಳೆ, ತಣ್ಣೀರು ಎಲೆಗೆ ಬಿದ್ದರೆ ಬಿಳಿಚಿದ ಉಂಗುರದ ಕಲೆ. ಈ ಗಿಡಕ್ಕೆ ಹರವಿಯ ತಂಪು ನೀರೂ ಹಿತವಲ್ಲ, ಕೋಣೆಯಲ್ಲಿ ರಾತ್ರಿಯಿಡೀ ಇಟ್ಟದ್ದೇ ಆಗಬೇಕು.

ಮೋಸ ಮಾಡುವುದು ಬಾಡಿದ ಎಲೆ. ನೀರಿಲ್ಲದೆಯೂ ಬಾಡುತ್ತದೆ, ನೀರು ಹೆಚ್ಚಾಗಿ ಬೇರು ಸತ್ತರೂ ಬಾಡುತ್ತದೆ, ಕಣ್ಣಿಗೆ ಎರಡೂ ಒಂದೇ. ಬೆರಳಿಟ್ಟು ನೋಡಿ. ಮಣ್ಣು ಒದ್ದೆ, ಎಲೆ ಜೋತಿದೆ ಎಂದರೆ ನೀರು ಹಾಕಿದಷ್ಟೂ ಕೆಡುಕು. ಸಸಿಯನ್ನು ಹೊರತೆಗೆದು, ಕಂದಾಗಿ ಮೆತ್ತಗಾದ ಬೇರು ಕತ್ತರಿಸಿ, ಹಿಂದಿನದಕ್ಕಿಂತ ಚಿಕ್ಕ ಕಪ್ಪಿಗೆ ಹೊಸ ಮಿಶ್ರಣದಲ್ಲಿ ಹಾಕಬೇಕು. ಕಪ್ಪಿನ ಮೇಲೆ ಸಣ್ಣ ಕರಿ ನೊಣ ಹಾರಾಡತೊಡಗಿದರೆ ಮೇಲ್ಮಣ್ಣು ಆರುತ್ತಲೇ ಇಲ್ಲವೆಂದು ಅರ್ಥ.

ಕೆಳಗಿನಿಂದ ಕುಡಿಸುವುದು ಇನ್ನೊಂದು ದಾರಿ. ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸಿ ಕಪ್ಪನ್ನು ಅರ್ಧ ಗಂಟೆ ಇಟ್ಟು, ಮೇಲ್ಮಣ್ಣಿನ ಬಣ್ಣ ಗಾಢವಾದ ಕೂಡಲೇ ಎತ್ತಿ, ಉಳಿದ ನೀರು ಚೆಲ್ಲುವುದು. ಚೆಲ್ಲಲು ಮನಸ್ಸು ಬಾರದಿದ್ದರೆ ಬಕೆಟ್ಟಿಗೆ ಸುರಿಯಿರಿ, ತಟ್ಟೆಯಲ್ಲಿ ಮಾತ್ರ ಬಿಡಬೇಡಿ.

ಊರಿಗೆ ಹೋಗುವವರಿಗೆ ಬತ್ತಿ. ಆದಿಲ್‌ಶಾಹಿ ಕಾಲದ ವಿಜಯಪುರಕ್ಕೆ ತೊರವಿಯಿಂದ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ಇಳಿಯುವ ನೀರನ್ನು ಹದದಲ್ಲಿಡಲು ಅಷ್ಟೆಲ್ಲ ಕಲ್ಲು ಬೇಕಾಯಿತು. ಏರುವ ನೀರಿಗೆ ಒಂದು ಗೇಣು ದಾರ ಸಾಕು. ದೀಪದ ಬತ್ತಿ ಎಣ್ಣೆ ಏರಿಸಿದಂತೆಯೇ ಇದು ನೀರೇರಿಸುತ್ತದೆ, ಆದರೆ ದೇವರ ಮನೆಯ ಹತ್ತಿಬತ್ತಿ ನಡೆಯದು, ಒದ್ದೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಸ್ವೆಟರ್ ಹೆಣೆಯುವ ಅಕ್ರಿಲಿಕ್ ದಾರ ಬೇಕು. ದಾರವನ್ನು ಮೊದಲು ನೆನೆಸಿ, ತಳದ ತೂತಿನಿಂದ ಮೇಲೆಳೆದು, ಮಣ್ಣಿನ ಅರ್ಧ ಎತ್ತರದಲ್ಲಿ ಒಂದು ಸುತ್ತು ಸುತ್ತಿ, ಕೆಳತುದಿಯನ್ನು ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿಯ ನೀರಿಗೆ ಇಳಿಬಿಡಬೇಕು. ಕಪ್ಪಿನ ತಳ ನೀರಿಗೆ ತಾಗಕೂಡದು. ಮೊದಲ ಸಲ ಮೇಲಿನಿಂದ ನೀರು ಹಾಕಿ ಮಣ್ಣನ್ನು ಪೂರ್ತಿ ತೋಯಿಸಬೇಕು, ಇಲ್ಲದಿದ್ದರೆ ದಾರ ಒಣಮಣ್ಣಿನ ಬಾಗಿಲಲ್ಲೇ ನಿಂತುಬಿಡುತ್ತದೆ. ವಯೊಲೆಟ್‌ಗೆ ಹೇಳಿ ಮಾಡಿಸಿದ ಏರ್ಪಾಡು. ಸ್ನೇಕ್ ಪ್ಲಾಂಟ್, ಜೀಜೀ, ಎಚೆವೇರಿಯಗಳಿಗೆ ಬೇಡವೇ ಬೇಡ. ಬೆಳಗಾವಿಯ ಮಳೆಗಾಲದಲ್ಲಿ ವಯೊಲೆಟ್‌ಗೂ ಡಬ್ಬಿ ಖಾಲಿ ಇರಲಿ.

ಬತ್ತಿಯಾಗಲಿ ತಟ್ಟೆಯಾಗಲಿ, ನೀರು ಮೇಲ್ಮುಖವಾಗಿ ಮಾತ್ರ ಹೋದರೆ ಜೋಡಿಯ ಎರಡನೆಯ ರೋಗ ಬರುತ್ತದೆ. ಸವಳು. ನಮ್ಮ ಕಡೆ ಬೋರ್‌ವೆಲ್ ನೀರು ಲೀಟರಿಗೆ ಸಾವಿರ ಮಿಲಿಗ್ರಾಂ ಟಿಡಿಎಸ್, ಅಂದರೆ ಕರಗಿದ ಲವಣ, ತೋರಿಸುವುದು ಅಪರೂಪವಲ್ಲ. ಹದಿನೈದು ಮಿಲಿಲೀಟರಿನಂತೆ ನಾಲ್ಕು ದಿನಕ್ಕೊಮ್ಮೆ ಹಾಕಿದರೆ ಒಂಬತ್ತು ತಿಂಗಳಿಗೆ ಒಂದು ಲೀಟರ್. ನೀರು ಆರಿಹೋಗುತ್ತದೆ, ಒಂದು ಗ್ರಾಂ ಉಪ್ಪು ಬೊಗಸೆ ಮಣ್ಣಿನಲ್ಲಿ ಉಳಿಯುತ್ತದೆ. ಎಲೆಯ ತುದಿ ಸುಟ್ಟಂತೆ ಕಂದಾಗುವುದು, ಮೇಲ್ಮಣ್ಣಿನ ಮೇಲೆ ಬಿಳಿ ಕರೆ ಕಟ್ಟುವುದು ಇದರಿಂದಲೇ. ಮಣ್ಣಿನ ಕುಂಡವಾದರೆ ಉಪ್ಪು ಅಂಚಿನಲ್ಲೂ ಹೂವಿನಂತೆ ಅರಳುತ್ತದೆ, ಅದಕ್ಕೆ ಒರಗಿದ ವಯೊಲೆಟ್‌ನ ತೊಟ್ಟು ಅಲ್ಲೇ ಕೊಳೆತು ಮುರಿಯುತ್ತದೆ. ಕರಗಿಸಿದ ಮೇಣದಬತ್ತಿಯಲ್ಲಿ ಅಂಚನ್ನೊಮ್ಮೆ ಅದ್ದಿ ತೆಗೆದರೆ ಆ ಕಾಟವಿಲ್ಲ. ತಿಂಗಳಿಗೊಮ್ಮೆ ಕಪ್ಪಿನ ಎರಡರಷ್ಟು ಸಿಹಿನೀರನ್ನು ಮೇಲಿನಿಂದ ನಿಧಾನ ಹರಿಸಿ, ಕೆಳಗೆ ಬಸಿದದ್ದನ್ನೆಲ್ಲ ಚೆಲ್ಲಬೇಕು. ಮಾಳಿಗೆಯ ಮೊದಲ ಮಳೆಯ ಕೊಳೆ ಹೋದ ಮೇಲೆ ಹಿಡಿದಿಟ್ಟ ನೀರು ಇದಕ್ಕೆ ಸರ್ವಶ್ರೇಷ್ಠ. ಕುದಿಸಿ ಆರಿಸಿದರೆ ಸುಣ್ಣದಂಶ ಪಾತ್ರೆಯ ತಳಕ್ಕೆ ಕೂರುತ್ತದೆ, ಸವಳು ಮಾತ್ರ ಹಾಗೆಯೇ ಇರುತ್ತದೆ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ವ್ಯರ್ಥವಾಗದಿರಲೆಂದು ಗಿಡಕ್ಕೆ ಹಾಕುವವರಿದ್ದಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಸೇರಿದೆ; ನೆಲ ಒರೆಸಲು ಅದು ಸರಿ, ಸಸಿಗಲ್ಲ.

ಮರಿಗಳ ಎಲೆ ರೂಪಾಯಿ ನಾಣ್ಯದಷ್ಟಾದಾಗ ಬೇರೆ ಮಾಡುವ ಹೊತ್ತು. ಹಿಂದಿನ ದಿನ ನೀರು ತಪ್ಪಿಸಿದರೆ ಮಣ್ಣು ಸಡಿಲಾಗಿ ಉದುರುತ್ತದೆ. ಹಲ್ಲುಕಡ್ಡಿಯಿಂದ ಒಂದೊಂದನ್ನೇ ಬಿಡಿಸಿ, ಸುಳಿ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಡಿ, ಬೆರಳಿನಿಂದ ಒತ್ತಬೇಡಿ, ಕಪ್ಪನ್ನು ಎರಡು ಸಲ ಮೇಜಿಗೆ ತಟ್ಟಿದರೆ ಮಣ್ಣು ತಾನೇ ಕೂರುತ್ತದೆ. ಬೆಳೆಯುವ ಮಗುವಿಗೆ ಅಂಗಿ ದೊಡ್ಡದು ಹೊಲಿಸಬಹುದು, ಕುಂಡ ದೊಡ್ಡದು ಕೊಡುವಂತಿಲ್ಲ. ಬೇರು ತಲುಪದ ಮಣ್ಣಿನ ನೀರನ್ನು ಕುಡಿಯುವವರಿಲ್ಲ, ಅದು ಅಲ್ಲೇ ನಿಂತು ಹುಳಿಯಾಗುತ್ತದೆ. ವಯೊಲೆಟ್‌ನ ಹರವು ಎಷ್ಟಿದೆಯೋ ಅದರ ಮೂರರಲ್ಲೊಂದು ಅಗಲದ ಕುಂಡ ಸಾಕು. ಒಂದು ವಾರ ಪೂರ್ವದ ಕಿಟಕಿಯ ನೆರಳಲ್ಲಿಡಿ, ಒಂದು ತಿಂಗಳು ಗೊಬ್ಬರದ ಹೆಸರೆತ್ತಬೇಡಿ. ಬೇಸಿಗೆಯ ಒಣಹವೆಯಲ್ಲಿ ಪಾರದರ್ಶಕ ಡಬ್ಬಿ ಕವುಚಿ ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಬೇಕು. ಬೆಳಗಾವಿಯ ಶ್ರಾವಣದಲ್ಲಿ ಅದೇ ಡಬ್ಬಿ ಬೂಷ್ಟಿನ ಮನೆಯಾಗುತ್ತದೆ.

ಎಚೆವೇರಿಯದ ತಾಯಿ ಎಲೆ ಮರಿಗೆ ತನ್ನನ್ನೇ ಉಣಿಸಿ ಸುಕ್ಕಾಗಿ ಕಾಗದದಂತೆ ಒಣಗುತ್ತದೆ. ತಾನಾಗಿ ಕಳಚುವ ಮುನ್ನ ಅದನ್ನು ಕೀಳಬಾರದು, ಮರಿಯ ಬೇರೂ ಜೊತೆಗೆ ಬಂದುಬಿಡುತ್ತದೆ. ವಯೊಲೆಟ್‌ನದು ಹಾಗಲ್ಲ. ಮರಿಗಳನ್ನೆಲ್ಲ ಬಿಡಿಸಿಕೊಂಡ ಮೇಲೂ ತಾಯಿ ಎಲೆ ಗಟ್ಟಿಯಾಗಿದ್ದರೆ, ತೊಟ್ಟಿನ ತುದಿ ಅರ್ಧ ಸೆಂಟಿಮೀಟರ್ ಹೊಸದಾಗಿ ಕತ್ತರಿಸಿ, ಅದೇ ಕಪ್ಪಿಗೆ ಹೊಸ ಮಿಶ್ರಣ ತುಂಬಿ ಮತ್ತೆ ನೆಡಿ. ಮೂರು ತಿಂಗಳಿಗೆ ಇನ್ನೊಂದು ಬಾಣಂತನ.