ಎರಡು ದಿನದ ರೆಸಾರ್ಟು, ಮೊದಲೇ ಗೊತ್ತಿದ್ದ ರಿಸಲ್ಟು

ಕಣ್ಣೆದುರೇ ಹದಿನೈದು ವರ್ಷ ದುಡಿದವನ ಯೋಗ್ಯತೆ ನಮ್ಮ ಕಂಪನಿಗಳಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಅವನನ್ನು ಬಸ್ಸಿಗೆ ಹತ್ತಿಸಿ ನಂದಿಬೆಟ್ಟದ ಕಡೆಯ ಯಾವುದೋ ರೆಸಾರ್ಟಿಗೆ ಒಯ್ಯಬೇಕು, ಎದೆಗೆ ನಂಬರ್ ಚೀಟಿ ಅಂಟಿಸಬೇಕು, ಎರಡು ದಿನ ಆಡಿಸಬೇಕು. ಬಡ್ತಿಗೆ ಯಾರು ಯೋಗ್ಯರೆಂದು ಅಳೆಯುವ ಅಸೆಸ್‌ಮೆಂಟ್ ಸೆಂಟರ್ ಎಂದರೆ ಇದೇ.

ಬೆಳಿಗ್ಗೆ ಇನ್-ಬಾಸ್ಕೆಟ್. ಇಲ್ಲದ ಊರಿನ ಇಲ್ಲದ ಕಂಪನಿಗೆ ನೀವೀಗ ಮ್ಯಾನೇಜರು. ಹಿಂದಿನವನು ದಿಢೀರನೆ ಬಿಟ್ಟುಹೋಗಿದ್ದಾನೆ, ಫೋನ್ ಕೆಟ್ಟಿದೆ, ಸೆಕ್ರೆಟರಿ ರಜೆ, ಸಂಜೆಗೆ ನಿಮಗೆ ವಿಮಾನ. ಗಂಟೆಯೊಳಗೆ ಬುಟ್ಟಿ ತುಂಬ ಇರುವ ಪತ್ರಗಳನ್ನು ವಿಲೇವಾರಿ ಮಾಡಿ! ಪೀಣ್ಯದಲ್ಲಿ ಕರೆಂಟು ಹೋದಾಗಲೂ, ಯೂನಿಯನ್‌ನವರು ಗೇಟಿಗೆ ಅಡ್ಡ ಕೂತಾಗಲೂ ರಾತ್ರಿಯೊಳಗೆ ಲೋಡ್ ಕಳಿಸಿದ ಸೂಪರ್‌ವೈಸರ್‌ಗೆ ಇಲ್ಲಿ 5ಕ್ಕೆ 2 ಅಂಕ. ಯಾಕೆಂದರೆ ಅವನು ಉತ್ತರ ಬರೆಯಲಿಲ್ಲ. "ಬಿಡಿ ಸಾರ್, ನಾನೇ ಹೋಗಿ ಮಾತಾಡ್ಕೊಂಡು ಬರ್ತೀನಿ" ಅಂದ.

ಮಧ್ಯಾಹ್ನ ನಾಯಕನಿಲ್ಲದ ಗುಂಪು ಚರ್ಚೆ. ನಾಯಕನಿಲ್ಲ ಎಂದ ಮೇಲೂ ಎಲ್ಲರೂ ತಮಗಿಂತ ಸೀನಿಯರ್ ಯಾರೆಂದು ನೋಡಿ, "ಮೊದಲು ನೀವು ಹೇಳಿ ಸಾರ್" ಎನ್ನುತ್ತಾರೆ. ಆಮೇಲೆ ಸರ್ವಿಸ್ ಪ್ರಕಾರ ಸರದಿ. ಇಂಗ್ಲಿಷು ಚೆನ್ನಾಗಿರುವವನಿಗೆ 'ನಾಯಕತ್ವ' ತಾನಾಗಿಯೇ ಬಂದುಬಿಡುತ್ತದೆ. ಸುತ್ತ ಕೂತ ಅಸೆಸರ್‌ಗಳು ಮೊದಲು ಕಂಡದ್ದನ್ನು ಬರೆದುಕೊಳ್ಳಬೇಕು, ಅಂಕ ಆಮೇಲೆ ಹಾಕಬೇಕು. ಶಾಸ್ತ್ರ ಹಾಗಿದೆ. ನಮ್ಮ ಜನರಲ್ ಮ್ಯಾನೇಜರು ಅನುಭವಸ್ಥರು. ಅಂಕ ಮೊದಲು ಹಾಕಿ, ಕಂಡದ್ದನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ.

ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ 1956ರಲ್ಲಿ ಈ ಪದ್ಧತಿಯನ್ನು ಕಂಪನಿಗಳ ಲೋಕಕ್ಕೆ ತಂದು, 422 ಮಂದಿಯನ್ನು ಪರೀಕ್ಷಿಸಿ, ಫಲಿತಾಂಶವನ್ನು ಅವರ ಮೇಲಧಿಕಾರಿಗಳಿಗೂ ತೋರಿಸದೆ ವರ್ಷಗಟ್ಟಲೆ ಮುಚ್ಚಿಟ್ಟಿತ್ತು. ಯಾರು ಮೇಲೆ ಬರುತ್ತಾರೆಂಬ ಅಂದಾಜು ನಿಜವಾಗುತ್ತದೋ ನೋಡೋಣ ಅಂತ. ಪಾಪ, ಸುಮ್ಮನೆ ಕಾದರು. ನಮ್ಮಲ್ಲಿ ಆ ತಾಪತ್ರಯವೇ ಇಲ್ಲ. ಬಡ್ತಿ ಯಾರಿಗೆಂದು ಯುಗಾದಿಗೇ ಕ್ಯಾಂಟೀನಿನವನಿಗೂ ಗೊತ್ತು, ಪರೀಕ್ಷೆ ದಸರೆಗೆ. ಅಂದಾಜು ನೂರಕ್ಕೆ ನೂರು ನಿಜ! ಕನ್ಸಲ್ಟೆಂಟರ ಬಿಲ್ಲೂ ಪಾಸು.

ಸೂಪರ್‌ವೈಸರ್‌ಗೆ ಬಣ್ಣಬಣ್ಣದ ಗ್ರಾಫುಗಳ ದಪ್ಪ ವರದಿಯೊಂದು ಸಿಕ್ಕಿತು. 'ಇತರರನ್ನು ಬೆಳೆಸುವ ಸಾಮರ್ಥ್ಯ: ಕಡಿಮೆ.' ಸೋಮವಾರ ಎಚ್‌ಆರ್‌ನಿಂದ ಕರೆ ಬಂತು: "ಹೊಸ ಮ್ಯಾನೇಜರ್ ಬರ್ತಿದಾರೆ. ಮೂರು ತಿಂಗಳು ಜೊತೆಗಿದ್ದು ಸ್ವಲ್ಪ ಕೆಲಸ ಕಲಿಸಿಕೊಡಿ."